ಕನ್ನಡಕದಂಗಡಿಯವನ ಎಣ್ಣೆ ಷೇರು

ನನ್ನ ತಂಗಿಯ ಗಂಡ ದುರಾಸೆಯ ಮನುಷ್ಯ. ಇದನ್ನು ಕೋಪದಲ್ಲಿ ಹೇಳುತ್ತಿಲ್ಲ, ಮೂವತ್ತು ವರ್ಷ ನೋಡಿ ಹೇಳುತ್ತಿದ್ದೇನೆ. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ. ಇವನು ಜಂತೆಗೆ ಬೆಲೆಯನ್ನೂ ಕಟ್ಟುತ್ತಾನೆ.

ಅವನದು ಕನ್ನಡಕದ ಅಂಗಡಿ. ಫ್ಯಾಷನ್ ಹೋದ ಫ್ರೇಮುಗಳನ್ನು ಸಗಟು ವ್ಯಾಪಾರಿ ಸಿಕ್ಕಿದ ಬೆಲೆಗೆ ಬಿಸಾಕುವಾಗ ಡಜನ್ನುಗಟ್ಟಲೆ ಕೊಂಡು ಅಟ್ಟಕ್ಕೆ ಏರಿಸುತ್ತಾನೆ. ಕೆಲವು ವರ್ಷ ಕಳೆದರೆ ಅದೇ ದುಂಡು ಫ್ರೇಮು ಮತ್ತೆ ಚಾಲ್ತಿಗೆ ಬರುತ್ತದೆ. ಇದರಲ್ಲಿ ಅವನು ನಿಜವಾಗಿಯೂ ದುಡ್ಡು ಮಾಡಿದ್ದಾನೆ. ಆದ್ದರಿಂದ ಮಾರುಕಟ್ಟೆ ಕುಸಿದು, ಸಮುದ್ರದಲ್ಲಿ ಎಣ್ಣೆಬಾವಿ ಕೊರೆಯುವ ಒಂದು ಕಂಪನಿಯ ಷೇರು ನೆಲ ಕಚ್ಚಿದಾಗ, ಅವನ ಕಣ್ಣಿಗೆ ಅದೂ ದುಂಡು ಫ್ರೇಮೇ ಆಯಿತು.

"ಅದು ಸಾಲದಲ್ಲಿ ಮುಳುಗಿರೋ ಕಂಪನಿ," ಎಂದೆ. "ಅಟ್ಟದಲ್ಲಿರೋ ಫ್ರೇಮು ಅನ್ನ ಕೇಳಲ್ಲ. ಬಾವಿ ಕೊರೆಯೋ ಹಡಗು ಕೆಲಸ ಇಲ್ಲದೆ ನಿಂತರೂ ಕೂತಲ್ಲೇ ಬಡ್ಡಿ ಕೇಳುತ್ತೆ."

"ಅಕ್ಕ, ನೀವು ಪಾಠ ಹೇಳಿದೋರು. ವ್ಯಾಪಾರ ನಮಗೆ ಬಿಡಿ."

ತನ್ನ ದುಡ್ಡು ಸಾಲದೆಂದು, ಅಂಗಡಿಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವ ಹೆಂಗಸಿನ ಹಣವನ್ನೂ ತನ್ನ ಖಾತೆಯ ಮೂಲಕ ಅದರಲ್ಲೇ ಹಾಕಿಸಿದ. ಗಂಡ ಸತ್ತವಳು. ಸ್ವಂತ ಯಂತ್ರ ಕೊಂಡು ಎದುರು ಬೀದಿಯಲ್ಲಿ ಅಂಗಡಿ ಇಡಬೇಕೆಂದು ಕೂಡಿಟ್ಟದ್ದು ಅದು. ಆಕೆ ಹೋದರೆ ಅರ್ಧ ಗಿರಾಕಿಗಳೂ ಹಿಂದೆಯೇ ಹೋಗುತ್ತಾರೆ. ಏಕೆ ಹಾಕಿಸಿದನೆಂದು ನಾನು ಕೇಳಬೇಕಾಗಿರಲಿಲ್ಲ.

ಷೇರು ಇಳಿದಷ್ಟೂ ಕೊಂಡ. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಟಿವಿಯಲ್ಲಿ ಬೇರೊಂದು ಕಂಪನಿಯ ಎಣ್ಣೆಬಾವಿ ಹೊತ್ತಿ ಉರಿಯುತ್ತಿತ್ತು. ಕೆಲಸಗಾರರು ಸಮುದ್ರಕ್ಕೆ ಹಾರುತ್ತಿದ್ದರು. ಇವನು ತುತ್ತು ಕೈಯಲ್ಲೇ ಹಿಡಿದು, "ಹೋಯ್ತು ನೋಡು! ಇನ್ನು ಗುತ್ತಿಗೆಯೆಲ್ಲ ನಮಗೇ!" ಎಂದ. ನನ್ನ ತಂಗಿ ಊಟ ಬಿಟ್ಟು ಎದ್ದಳು. ಅವಳ ತಟ್ಟೆಯಲ್ಲಿದ್ದುದನ್ನೂ ಇವನೇ ತಿಂದ.

ಗುತ್ತಿಗೆ ಬರಲಿಲ್ಲ. ಕಂಪನಿ ದಿವಾಳಿಯಾಯಿತು, ಸಾಲ ಕೊಟ್ಟವರು ಹಡಗುಗಳನ್ನು ಎಳೆದುಕೊಂಡರು, ಷೇರುದಾರರಿಗೆ ಬಿಡಿಗಾಸೂ ಇಲ್ಲವೆಂದು ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಬಂತು. ಮುಖಕ್ಕೆ ಉಗಿಯಬೇಕೆಂದೇ ಅಂಗಡಿಗೆ ಹೋದೆ. ಅದೇ ಪತ್ರಿಕೆ, ಅದೇ ಸುದ್ದಿಯ ಪುಟ ತೆರೆದು ಅವನೆದುರು ಬಿದ್ದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ಒಳಕೋಣೆಯಿಂದ ಆ ಹೆಂಗಸನ್ನು ಕರೆದ.

"ನಿನ್ನ ಷೇರು ನನಗೆ ಮಾರ್ಬಿಡು. ಹಾಕಿದಷ್ಟು ಕೊಡ್ತೀನಿ. ಒಂದು ಕಾಸು ಜಾಸ್ತಿ ಕೇಳ್ಬೇಡ."

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಓಹೋ! ಷೇರು ಏರೋ ಹೊತ್ತಿಗೆ ಬಾಚ್ಕೊಳ್ಳೋಕೆ ಬಂದ್ರಾ ಯಜಮಾನ್ರೇ?"

"ಮತ್ತೇನು, ನಿನ್ನ ಉದ್ಧಾರ ಮಾಡೋಕಾ? ಕೊಡ್ತೀಯೋ ಇಲ್ವೋ?"

"ತಗೊಳ್ಳಿ, ತಗೊಳ್ಳಿ. ಹೆಣದ ಮೇಲಿನ ಕಾಸೂ ಬಿಡೋರಲ್ಲ ನೀವು. ನನಗೆ ನನ್ನ ಯಂತ್ರ ಬಂದ್ರೆ ಸಾಕು. ಬರೋ ತಿಂಗಳಿಂದ ಬೇರೆಯೋರನ್ನ ನೋಡ್ಕೊಳ್ಳಿ."

"ನೋಡ್ಕೋತೀನಿ ಹೋಗು," ಎಂದು ಅವನು ಗಲ್ಲಾದಿಂದ ನೋಟಿನ ಕಟ್ಟು ತೆಗೆದುಕೊಟ್ಟ. ಬ್ಯಾಂಕಿನವರು ಸುತ್ತಿದ ಕಾಗದದ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ.

"ಆ ಪೇಪರ್ ಕೊಡಿ, ಸುತ್ಕೋತೀನಿ," ಎಂದು ಆಕೆ ಕೈ ಚಾಚಿದಳು.

"ನಾನಿನ್ನೂ ಓದಿಲ್ಲ," ಎಂದವನೇ ಪತ್ರಿಕೆಯನ್ನು ಸೆಳೆದು, ಮಡಿಸಿ, ಅದರ ಮೇಲೆ ಕೂತ.