ಎಮ್ಮೆಗಳ ಪಾಳಿಯಲ್ಲಿ ನಿಂತ ಫಿಸಿಕ್ಸ್ ಸರ್

ಸುಳ್ಳು ಸುದ್ದಿ ಅಂದುಕೊಂಡು ಫೋನ್ ಕಟ್ ಮಾಡಿದೆ...
ಮತ್ತೆ ರಿಂಗಾಯಿತು. ಮತ್ತೆ ಅದೇ ಮಾತು.

ನಮ್ಮ ಕಾಲೇಜಿನ ಫಿಸಿಕ್ಸ್ ಹಣಮಂತ್ರಾಯ ಸರ್ ಇನ್ನಿಲ್ಲ...
ಬೆಳಿಗ್ಗೆ ಸುರಪುರದ ಮನೆಯಲ್ಲಿ ಶೂ ಹಾಕಿಕೊಳ್ಳುತ್ತಾ ಕುಸಿದರಂತೆ. ಹಾರ್ಟ್ ಅಟ್ಯಾಕ್.

ಪ್ರಿನ್ಸಿಪಾಲರು ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ 'ಹೆಮ್ಮೆಯ ವಿಜ್ಞಾನಿ' ಅಂತ ಪೋಸ್ಟರ್ ಹಾಕಿದ್ದಾರೆ.
ಇದೇ ಗ್ರೂಪಿನಲ್ಲಿ, ಸಹೋದ್ಯೋಗಿಗಳೇ, ನೀವೆಲ್ಲ ಅವರನ್ನು 'ಓವನ್ ಸರ್' ಅಂದು ನಕ್ಕಿದ್ದೀರಿ.
ಹೈದರಾಬಾದಿನಲ್ಲಿ ರಾಡಾರಿಗೆ ಮೈಕ್ರೋವೇವ್ ಭಾಗಗಳನ್ನು ಮಾಡಿದ ಮನುಷ್ಯ...
ಶಹಾಪುರದ ನಮ್ಮ ಕಾಲೇಜಿಗೆ ಬಂದ ಮೇಲೆ ಅವರ ಟೇಬಲ್ ಮೇಲೆ ರಿಪೇರಿಗೆ ನಿಮ್ಮ ಮನೆಗಳ ಕೆಟ್ಟ ಓವನ್ನುಗಳು.

ಅವರದೊಂದು ತಾಮ್ರದ ಡಬ್ಬಿ ಇತ್ತು.
ಅದರೊಳಗೆ ಸಾಸಿವೆಯಷ್ಟು ಹರಳು... ತಾವೇ ಬೆಳೆಸಿದ್ದು.
ವಿಪರೀತ ತಂಪು ಮಾಡಿ ಮೈಕ್ರೋವೇವ್ ಹಾಯಿಸಿದರೆ ಒಳಗೆ ಎಲೆಕ್ಟ್ರಾನುಗಳು ಹೇಗೆ ಜೋಡಿಯಾಗುತ್ತವೆ ಅಂತ ತಿಳಿಯುತ್ತದಂತೆ. ಇಂಥದ್ದಕ್ಕೆ ಕ್ವಾಂಟಮ್ ಮಟೀರಿಯಲ್ ಅನ್ನುತ್ತಾರಂತೆ.
ಅದಕ್ಕೆ ಬೇಕಾದ ಲಿಕ್ವಿಡ್ ನೈಟ್ರೋಜನ್ ನಮ್ಮಲ್ಲಿ ಸಿಗುವುದು ಒಂದೇ ಕಡೆ... ದನದ ದವಾಖಾನೆ. ಎಮ್ಮೆಗಳಿಗೆ ಗಬ್ಬ ಕಟ್ಟಿಸುವ ಕೋಣದ ವೀರ್ಯ ಕೆಡದಂತೆ ಇಡಲು ತರಿಸುತ್ತಾರೆ.
ದವಾಖಾನೆಯ ಕ್ಯಾನು ಕೇಳಿ ತರಲು ಸರ್ ಎಮ್ಮೆಗಳ ಪಾಳಿಯಲ್ಲಿ ನಿಲ್ಲುತ್ತಿದ್ದರು.
"ಸರ, ನಿಮ್ಮ ಎಮ್ಮಿ ಎಲ್ಲದರಿ?" ಅಂತ ರೈತರು ಕೇಳಿದರೆ,
"ಲ್ಯಾಬಿನಾಗ ಕಟ್ಟಿ ಬಂದೀನ್ರಿ" ಅನ್ನುತ್ತಿದ್ದರು.

ಸರ್...
ಹೋದ ಆಯುಧಪೂಜೆಗೆ ಪ್ರಿನ್ಸಿಪಾಲರು ನಿಮ್ಮ ಡಬ್ಬಿಯನ್ನು ಹುಣಸೆಹಣ್ಣು, ಬೂದಿ ಹಚ್ಚಿ ಒಳಗೂ ಹೊರಗೂ ತಿಕ್ಕಿಸಿದರು. ಪೂಜೆಯ ತಂಬಿಗೆಯ ಹಾಗೆ ಫಳಫಳ.
ಕನ್ನಡಿಯಂತೆ ನುಣುಪಿರಬೇಕಾದ ಒಳಗೋಡೆ ತುಂಬಾ ಗೀರು. ಹರಳು ಬೇರೆ ಕಡೆ ಇದ್ದದ್ದಕ್ಕೆ ಉಳಿಯಿತು, ಅಳತೆಯೆಲ್ಲ ಹಾಳು.
"ಪೂಜಾ ಚಲೋ ಆಯ್ತಲ್ರಿ, ಬಿಡ್ರಿ" ಅಂದಿರಿ.
ಆಮೇಲೆ ಬಾಗಿಲು ಹಾಕಿಕೊಂಡು ಅತ್ತಿರಿ. ಎದುರಿನ ನನ್ನ ಕೆಮಿಸ್ಟ್ರಿ ಲ್ಯಾಬಿಗೆ ಕೇಳಿಸಿತು ಸರ್.
ಯಾದಗಿರಿಯ ಲೇಥ್ ಅಂಗಡಿಗೆ ಅಲೆದು ಅಲೆದು ಹೊಸ ಡಬ್ಬಿ ಮಾಡಿಸಿದಿರಿ.
ನಿನ್ನೆ ಕ್ಯಾನು ತುಂಬಿಸಿ ತಂದಿರಿ.
"ನಾಳಿಗೆ ಗೊತ್ತಾಗ್ತದರಿ ಮೇಡಂ" ಅಂದಿರಿ.

ಈಗ ನಿಮ್ಮ ಲ್ಯಾಬಿನಲ್ಲಿದ್ದೇನೆ.
ನಿಮ್ಮ ಮಷಿನ್ ಆನ್ ಮಾಡಲೂ ಇಲ್ಲಿ ಯಾರಿಗೂ ಬರುವುದಿಲ್ಲ. ನನಗೂ ಬರುವುದಿಲ್ಲ.
ಹರಳು ಹೊಸ ಡಬ್ಬಿಯೊಳಗಿದೆ... ಕ್ಯಾನಿನಿಂದ ತಣ್ಣನೆಯ ಹೊಗೆ ಸುಮ್ಮನೆ ಹೋಗುತ್ತಿದೆ.

ದವಾಖಾನೆಯ ಕಂಪೌಂಡರ್ ಈಗ ಫೋನ್ ಮಾಡಿದ.
"ಸರ ಹೋದ್ರಂತಲ್ರಿ, ಭಾಳ ಕೆಟ್ಟ ಆಯ್ತು ನೋಡ್ರಿ... ಆ ಕ್ಯಾನ್ ಕಳಸ್ರಿ ಮೇಡಂ, ಇಲ್ಲಿ ಎಮ್ಮಿ ನಿಂತಾವ."
ಕಳಿಸಿಕೊಟ್ಟೆ ಸರ್.

ಹೋಗಿ ಬನ್ನಿ...
ನಿಮ್ಮ ಆತ್ಮಕ್ಕೆ ನೆಮ್ಮದಿ ಸಿಗಲಿ. ನಮ್ಮದಕ್ಕೆ ಬೇಡ. 🙏