ಟಾನ್ಸಿಲಿನೊಳಗಿನ ಕೊಲೆಗಾರರು

ತೊಂಬತ್ತರ ದಶಕದ ಮಾತು. ನಮ್ಮ ಸಂಶೋಧನಾ ಲ್ಯಾಬಿನ ಬಾಟಲಿಯಲ್ಲಿ ಬೆಳೆಸಿದ 'ಸಹಜ ಕೊಲೆಗಾರ' ಎಂಬ ರಕ್ಷಣಾ ಕೋಶಗಳನ್ನು ಮೈಯೊಳಗಿನವುಗಳ ಜೊತೆ ಹೋಲಿಸಬೇಕಿತ್ತು. ಐಸ್ ಡಬ್ಬಿ ಹಿಡಿದು ಸಿಂಧನೂರಿನ ಆಸ್ಪತ್ರೆಯೊಂದಕ್ಕೆ ಹೋದೆ. ತುರ್ವಿಹಾಳದ ರೈತನೊಬ್ಬನ ಟಾನ್ಸಿಲ್ ಆಗಷ್ಟೇ ತೆಗೆದಿದ್ದರು. ಅವನು ಮಾತಾಡುವಂತಿರಲಿಲ್ಲ. ಟಾನ್ಸಿಲಿನಲ್ಲಿ ಸಹಜ ಕೊಲೆಗಾರ ಕೋಶಗಳಿರುತ್ತವೆ, ಪರೀಕ್ಷೆಗೆ ಕೊಡಿ ಎಂದು ಅವನ ಹೆಂಡತಿಯನ್ನೇ ಕೇಳಿದೆ.

"ನಮ್ಮ ಮನಿಯವ್ರ ಗಂಟಲಾಗ ಕೊಲೆಗಾರ್ರು ಅದಾರೇನ್ರೀ?"

"ಅವು ಒಳ್ಳೆಯವೇ ಅಮ್ಮ, ರೋಗ ಹತ್ತಿದ ಕೋಶಗಳನ್ನಷ್ಟೇ ಕೊಲ್ಲುತ್ತವೆ. ಅಂಥವನ್ನೇ ಬಾಟಲಿಯಲ್ಲೂ ಬೆಳೆಸಿದ್ದೇವೆ."

"ಬಾಟ್ಲ್ಯಾಗ ಬೆಳದವ್ಕ ತಮ್ಮವ್ರು ಯಾರು, ಹೊರಗಿನವ್ರು ಯಾರು ಅಂತ ಹ್ಯಾಂಗ ತಿಳಿತೈತ್ರಿ?"

ಡಬ್ಬಿಯಲ್ಲಿ ಐಸ್ ಕರಗುತ್ತಿತ್ತು. "ಅದನ್ನೇ... ನೋಡಬೇಕಮ್ಮ."

"ಅಂದ್ರ ನಿಮಗೂ ಗೊತ್ತಿಲ್ಲ. ಹಂಗಂತ ಮೊದ್ಲ ಹೇಳಬಾರ್ದಾ? ತಗೊಂಡ್ ಹೋಗ್ರಿ." ಗಂಡ ಹೌದೆಂಬಂತೆ ತಲೆಯಾಡಿಸಿದ.

ವರ್ಷವಿಡೀ ದುಡಿದ ಮೇಲೆ ನಮ್ಮ ವರದಿಯ ಕೊನೆಗೆ ಬಂದದ್ದೂ ಆಕೆಯ ಮಾತೇ. ನಮಗೂ ಗೊತ್ತಿಲ್ಲ ಅಂತ, ಇಂಗ್ಲಿಷಿನಲ್ಲಿ, ಮೂರು ಪುಟ.