ಎಂಟರ ಕ್ಲಾಸಿನ ಕೋಟು

ವೆಂಕಟಾಚಲ ಮೇಷ್ಟ್ರ ಮಾತಿನಲ್ಲಿ ಕಾಮಾ, ಪೂರ್ಣವಿರಾಮಗಳು ಕಿವಿಗೇ ಕೇಳಿಸುತ್ತಿದ್ದವು. ಭದ್ರಾವತಿಯ ಖಾಸಗಿ ಪಿಯು ಕಾಲೇಜೊಂದರಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರದ ನೋಟ್ಸ್ ಬರೆಸಿ ಬರೆಸಿ, ಆ ಚಿಹ್ನೆಗಳು ಅವರ ನಾಲಿಗೆಯ ಮೇಲೆ ಬಿಡಾರ ಹೂಡಿದ್ದವು. ತರಕಾರಿ ಅಂಗಡಿಯಲ್ಲಿ ನಿಂತು, "ಅರ್ಧ ಕೆಜಿ ಬೀನ್ಸ್, ಕಾಮಾ, ಒಂದು ಕಟ್ಟು ಕೊತ್ತಂಬರಿ" ಎಂದುಬಿಡುತ್ತಿದ್ದರು. ಅಂಗಡಿಯವನು ಅವರ ಹಳೆಯ ವಿದ್ಯಾರ್ಥಿ. "ಇಲ್ಲಿಗೆ ಪೂರ್ಣವಿರಾಮಾನಾ ಸಾರ್, ಇನ್ನೇನಾದ್ರೂ ಇದ್ಯಾ?" ಎಂದು ಕೇಳಿ ತೂಗುತ್ತಿದ್ದ.

ಅವರ ನೋಟ್ಸ್ ಬರೆದುಕೊಂಡವರು ಫೇಲಾದದ್ದು ಅಪರೂಪ. ಅದೇ ಅವರಿಗೆ ಮುಳುವಾಯಿತು. ಅದೇ ಆಡಳಿತ ಮಂಡಳಿಯ ಡಿಗ್ರಿ ಕಾಲೇಜು ಶಿವಮೊಗ್ಗದ ಆಲ್ಕೊಳದ ಹತ್ತಿರ ಇತ್ತು. ಮೇಷ್ಟ್ರ ದೇಹ ಭದ್ರಾವತಿಯಲ್ಲಿದ್ದರೂ ಮನಸ್ಸು ಆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಹಿಡಿದು ಕೂತಿತ್ತು. ಅಲ್ಲಿ ಯಾರೂ ಯಾರನ್ನೂ ಮೇಷ್ಟ್ರೇ ಎನ್ನುವುದಿಲ್ಲ, ಪ್ರೊಫೆಸರ್ ಎನ್ನುತ್ತಾರೆ. ಎರಡು ಸಲ ಸಂದರ್ಶನಕ್ಕೆ ಹೋಗಿದ್ದರು. "ನೀವಿಲ್ಲದಿದ್ದರೆ ಭದ್ರಾವತಿಯ ರಿಸಲ್ಟ್ ಏನಾಗಬೇಕು?" ಎಂದು ಎರಡು ಸಲವೂ ಹೊಗಳಿ, ಟೀ ಕುಡಿಸಿ, ಬಸ್ಸು ಹತ್ತಿಸಿದ್ದರು.

ಇನ್ನೆರಡು ವರ್ಷಕ್ಕೆ ನಿವೃತ್ತಿ ಎನ್ನುವಾಗ ಆ ಡಿಗ್ರಿ ತಾನಾಗಿಯೇ ಭದ್ರಾವತಿಗೆ ಬಂತು. ಮಂಡಳಿಯವರು ಹೊಸ ಏರ್ಪಾಡು ಮಾಡಿದ್ದರು. ಎರಡನೇ ಪಿಯುಸಿ ಮಕ್ಕಳು ತಮ್ಮ ಕಾಲೇಜಿನಲ್ಲೇ ಕೂತು ಬಿಎ ಮೊದಲ ಸೆಮಿಸ್ಟರಿನ ಒಂದು ಪತ್ರಿಕೆ ಓದಬಹುದು. ಅದರ ಅಂಕ ಇಲ್ಲಿನ ಆಂತರಿಕ ಮೌಲ್ಯಮಾಪನಕ್ಕೂ ಸೇರುತ್ತದೆ, ಮುಂದೆ ಶಿವಮೊಗ್ಗದ ಕಾಲೇಜಿಗೆ ಸೇರಿದರೆ ಅಲ್ಲಿನ ಕ್ರೆಡಿಟ್ಟೂ ಆಗುತ್ತದೆ. ಬೆಳಿಗ್ಗೆ ಎಂಟಕ್ಕೆ ಬಿಎ ಪಾಠ. ಒಂಬತ್ತಕ್ಕೆ ಮಾಮೂಲು ಪಿಯುಸಿ ಪಾಠ. ಕೊಠಡಿ ಅದೇ, ಬೆಂಚು ಅದೇ, ಮಕ್ಕಳು ಅವರೇ, ಮೇಷ್ಟ್ರೂ ಅವರೇ. ಮೊದಲ ಅಧ್ಯಾಯ ಎರಡರಲ್ಲೂ ಬೇಡಿಕೆಯ ನಿಯಮವೇ ಆಗಿತ್ತು.

ಏನಾದರೂ ವ್ಯತ್ಯಾಸ ಇರಬೇಕಲ್ಲ. ಮೇಷ್ಟ್ರು ಬೀರುವಿನಿಂದ ಮದುವೆಯ ಕೋಟು ತೆಗೆಸಿದರು.

"ಗುಂಡಿ ಹಾಕ್ಬೇಡಿ, ಕಿತ್ತು ಯಾರದಾದ್ರೂ ಕಣ್ಣಿಗೆ ಬಿದ್ದೀತು" ಎಂದರು ಹೆಂಡತಿ ಭವಾನಿ.

"ಇದು ಡಿಗ್ರಿ ಕ್ಲಾಸು ಮಾರಾಯ್ತಿ, ಹಂಗೆಲ್ಲ ಶರ್ಟಲ್ಲಿ ಹೋಗಕ್ಕಾಗಲ್ಲ."

"ಮಕ್ಕಳಿಗೂ ಕೋಟು ಹೊಲಿಸ್ತೀರೇನು ಮತ್ತೆ?"

ಎಂಟಕ್ಕೆ ಕೋಟು ತೊಟ್ಟು ಬಿಎ ಪಾಠ. ಒಂಬತ್ತರ ಗಂಟೆ ಹೊಡೆದಾಗ ಕೋಟು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ ಪಿಯುಸಿ ಪಾಠ. ಮಕ್ಕಳು ಎರಡೇ ದಿನದಲ್ಲಿ ಇದಕ್ಕೆ ಹೆಸರಿಟ್ಟರು. ಎಂಟಕ್ಕೆ ಬರುವವರು ಕೋಟ್ ಸಾರ್, ಒಂಬತ್ತಕ್ಕೆ ಬರುವವರು ಶರ್ಟ್ ಸಾರ್. ಕೋಟ್ ಸಾರ್ ಬರೆಸಿದ್ದನ್ನೇ ಶರ್ಟ್ ಸಾರ್ ಕೂಡ ಬರೆಸುತ್ತಾರೆ, ಆದರೆ ಕೋಟ್ ಸಾರ್ ಸ್ವಲ್ಪ ಹೆಚ್ಚು ಬೆವರುತ್ತಾರೆ ಎಂದು ಹಿಂದಿನ ಬೆಂಚಿನ ಮಲ್ಲಿಕ್ ಹೇಳುತ್ತಿದ್ದ.

ಒಂದು ದಿನ ಪ್ರಿನ್ಸಿಪಾಲ್ ಶಿವಶಂಕರಪ್ಪ ಮೇಷ್ಟ್ರನ್ನು ಕರೆದರು. "ಶಿವಮೊಗ್ಗದಿಂದ ಶ್ರೀಗೌರಿ ಮೇಡಂ ಬರ್ತಾರಂತೆ, ಎಕನಾಮಿಕ್ಸ್ ಹೆಡ್ಡು. ನಿಮ್ಮ ಎಂಟರ ಕ್ಲಾಸಲ್ಲಿ ಕೂತು ನೋಡ್ತಾರೆ. ಡಿಗ್ರಿ ಮಟ್ಟಕ್ಕಿದೆ ಅಂದ್ರೆ ಕ್ಲಾಸು ನಿಮ್ಮದೇ."

"ಇಲ್ಲ ಅಂದ್ರೆ ಸಾರ್?"

"ಗೋಡೆಗೆ ಸ್ಕ್ರೀನ್ ಹಾಕ್ತಾರೆ. ಅಲ್ಲಿಂದ ಅವರು ಪಾಠ ಮಾಡೋದು, ಇಲ್ಲಿ ನೀವು ಮಕ್ಕಳು ಗಲಾಟೆ ಮಾಡದಂಗೆ ನೋಡ್ಕೊಳ್ಳೋದು. ನೋಟ್ಸ್ ಬರೆಸೋದು ಅಂದ್ರೆ ಆ ಮೇಡಮ್ಮಿಗೆ ಆಗಲ್ವಂತೆ. ಚರ್ಚೆ ಆಗ್ಬೇಕು, ಮಕ್ಕಳು ಪ್ರಶ್ನೆ ಕೇಳ್ಬೇಕು ಅಂತಾರೆ."

ಸ್ಕ್ರೀನ್ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತ ತಮ್ಮ ಚಿತ್ರ ಮೇಷ್ಟ್ರ ಕಣ್ಣೆದುರು ಬಂತು. ಆ ಚಿತ್ರದಲ್ಲಿ ಅವರು ಕೋಟು ತೊಟ್ಟಿರಲಿಲ್ಲ.

ಚರ್ಚೆ ತಾನೆ, ಮಾಡಿಸಿದರಾಯಿತು ಎಂದುಕೊಂಡರು. ಮೂವತ್ತು ವರ್ಷ ಯಾವ ಕೆಲಸವನ್ನು ಹೇಗೆ ಮಾಡಿದ್ದರೋ ಇದನ್ನೂ ಹಾಗೆಯೇ ಮಾಡಿದರು. ಮರುದಿನ ಎಂಟಕ್ಕೆ ಸರಿಯಾಗಿ ಕ್ಲಾಸಿಗೆ ಬಂದು, "ಬರ್ಕೊಳ್ಳಿ. ಚರ್ಚೆ. ಅಡಿಗೆರೆ ಎಳೀರಿ" ಎಂದು ಶುರುಮಾಡಿದರು. ದುಶ್ಯಂತ್ ಕೇಳಬೇಕಾದ ಪ್ರಶ್ನೆ, ಅದಕ್ಕೆ ಮಲ್ಲಿಕ್ ಎತ್ತಬೇಕಾದ ಆಕ್ಷೇಪ, ಇಬ್ಬರಿಗೂ ತಾವು ಕೊಡುವ ಸಮಾಧಾನ, ಎಲ್ಲವನ್ನೂ ಚಿಹ್ನೆಸಮೇತ, ಹೇಗೆ ಅಭಿನಯಿಸಬೇಕೆಂಬ ಸೂಚನೆಸಮೇತ ಬರೆಸಿದರು. ಕೊನೆಗೆ ಮುಂದಿನ ಬೆಂಚಿನ ಭೂಮಿಕಾ ಎದ್ದು, "ಧನ್ಯವಾದ ಸಾರ್, ಈಗ ಅರ್ಥವಾಯಿತು" ಎನ್ನಬೇಕು. ಚರ್ಚೆ ಮುಗಿಯಿತು. ಎಲ್ಲರೂ ಬಾಯಿಪಾಠ ಮಾಡಿಕೊಂಡು ಬನ್ನಿ ಎಂದರು.

ಶ್ರೀಗೌರಿ ಮೇಡಂ ಬಂದರು. ಮೇಷ್ಟ್ರ ಮಗಳ ವಯಸ್ಸಿನವರು. ನಮಸ್ಕಾರ ಮಾಡಿ ಕೊನೆಯ ಬೆಂಚಿಗೆ ಹೋಗಿ ಕೂತರು. ಮೇಷ್ಟ್ರು ಕೋಟಿನ ಗುಂಡಿ ಹಾಕಿ, ಬೇಡಿಕೆಯ ರೇಖೆ ಎಳೆದು, ದುಶ್ಯಂತನತ್ತ ನೋಡಿದರು.

ದುಶ್ಯಂತ್ ಎದ್ದು ಕೈಕಟ್ಟಿ ಒಂದೇ ಉಸಿರಿಗೆ ಒಪ್ಪಿಸಿದ. "ಸಾರ್ ಬೆಲೆ ಇಳಿದರೆ ಬೇಡಿಕೆ ಏಕೆ ಏರುತ್ತದೆ ಪ್ರಶ್ನಾರ್ಥಕ ಚಿಹ್ನೆ."

ಹುಡುಗಿಯರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಕೇಳಿಸಿಕೊಳ್ಳದವರಂತೆ ಮಲ್ಲಿಕ್ ಕಡೆ ತಿರುಗಿದರು.

"ಸ್ವಲ್ಪ ಯೋಚಿಸಿದಂತೆ ಮಾಡಿ" ಎಂದ ಮಲ್ಲಿಕ್ ಗಟ್ಟಿಯಾಗಿ. ಆಮೇಲೆ, "ನಾನು ಇದನ್ನು ಒಪ್ಪುವುದಿಲ್ಲ ಸಾರ್."

ಇಡೀ ತರಗತಿ ನಕ್ಕಿತು. ಶ್ರೀಗೌರಿ ಪೆನ್ನಿನ ಮುಚ್ಚಳ ಹಾಕಿದ್ದು ಮೇಷ್ಟ್ರಿಗೆ ಅಷ್ಟು ದೂರದಿಂದಲೂ ಕಂಡಿತು. ಒಮ್ಮೆ ಗೋಡೆ ನೋಡಿದರು. ಸ್ಕ್ರೀನ್ ಅಲ್ಲಿಗೆ ಚೆನ್ನಾಗಿಯೇ ಹೊಂದುತ್ತದೆ ಅನಿಸಿತು. ಬೇಗ ಮುಗಿದರೆ ಸಾಕೆಂದು ಭೂಮಿಕಾಗೆ ಸನ್ನೆ ಮಾಡಿದರು.

ಭೂಮಿಕಾ ಎದ್ದಳು. "ಸಾರ್, ನಾನು 'ಈಗ ಅರ್ಥವಾಯಿತು' ಅನ್ಬೇಕು. ಆದ್ರೆ ಅರ್ಥ ಆಗಿಲ್ಲ ಸಾರ್."

"ಏನಮ್ಮ ಆಗಿಲ್ಲ?"

"ನಮ್ಮಜ್ಜ ಪೇಪರ್‌ಟೌನ್ ಹತ್ರ ಬಾಡಿಗೆಗೆ ಅಂತ ಮನೆ ಕಟ್ಸಿದ್ರು. ಕಾಗದದ ಕಾರ್ಖಾನೆ ನಿಂತ ಮೇಲೆ ಬಾಡಿಗೆ ಅರ್ಧ ಮಾಡಿದ್ವಿ, ಆಮೇಲೆ ಅದರರ್ಧ ಮಾಡಿದ್ವಿ. ಈಗ ಸುಮ್ನೆ ಬಂದಿರಿ, ಸಂಜೆ ದೀಪ ಹಚ್ಚಿದ್ರೆ ಸಾಕು ಅಂತಾರೆ ಅಜ್ಜ. ಯಾರೂ ಬರಲ್ಲ. ಬೆಲೆ ಇಳಿದ್ರೆ ಬೇಡಿಕೆ ಏರುತ್ತೆ ಅಂತೀರಲ್ಲ, ಎಲ್ಲಿ ಏರ್ತು?"

ಉತ್ತರ ನೋಟ್ಸಿನಲ್ಲೇ ಇತ್ತು. 'ಇತರ ಅಂಶಗಳು ಸ್ಥಿರವಾಗಿದ್ದಾಗ' ಎಂದು ನಿಯಮದ ಆರಂಭದಲ್ಲೇ ಬರುತ್ತದೆ. ಪ್ರತಿ ವರ್ಷ ಬರೆಸಿ, ಕಾಮಾ ಹಾಕಿಸಿ, ಮುಂದಕ್ಕೆ ಹೋಗಿದ್ದರು. ಆ ಕಾಮಾದ ಹತ್ತಿರ ಇಷ್ಟು ವರ್ಷದಲ್ಲಿ ಯಾರೂ ಅವರನ್ನು ನಿಲ್ಲಿಸಿರಲಿಲ್ಲ. ಮೇಷ್ಟ್ರ ಅಪ್ಪ ಅದೇ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುತ್ತಿದ್ದವರು.

ಮೇಷ್ಟ್ರು ಮೇಜಿನ ಅಂಚಿಗೆ ಕೂತರು. ಹಾಗೆ ಕೂತಿದ್ದನ್ನು ಮಕ್ಕಳು ಕಂಡಿರಲಿಲ್ಲ.

"ಸೈರನ್ ಅಂತ ಒಂದಿತ್ತು ನೋಡು" ಎಂದರು. "ಅದು ಕೂಗಿದ್ಮೇಲೇ ನಮ್ಮಮ್ಮ ಅಕ್ಕಿ ತೊಳೀತಿದ್ದದ್ದು. ಗೇಟಿನ ಹತ್ರ ಸೆಲ್ವಿ ಅಕ್ಕ ಅಂತ ಒಬ್ರು ಇಡ್ಲಿ ಮಾರೋರು, ಅವರ ಪಾತ್ರೆ ಮುಚ್ಚಳ ತೆರೀತಿದ್ದದ್ದೂ ಅದಕ್ಕೇ. ಪಂಕ್ಚರ್ ಹಾಕೋನು, ಹೂವಿನೋಳು, ಬಾಡಿಗೆ ಮನೆಗಳು, ಎಲ್ಲ ಆ ಕೂಗಿಗೇ ಕಾದಿರೋದು. ಅದು ನಿಲ್ತು. ಬೆಲೆ ಇಳಿಸಬಹುದಮ್ಮ, ಆದ್ರೆ ಬರೋ ಕಾಲುಗಳೇ ಬೇರೆ ಊರಿಗೆ ಹೋದ್ವಲ್ಲ. ಪುಸ್ತಕ ಏನ್ಮಾಡುತ್ತೆ ಅಂದ್ರೆ, ಬೆಲೆ ಒಂದನ್ನ ಅಲ್ಲಾಡಿಸಿ, ಉಳಿದದ್ದೆಲ್ಲ ಕದಲ್ಬೇಡಿ ಅಂತ ಕೂರಿಸಿಬಿಡುತ್ತೆ. ಊರು ಹಂಗೆ ಕೂರಲ್ಲ."

"ಮತ್ತೆ ನಮ್ಮ ಮನೆಗೆ ಯಾವಾಗ ಜನ ಬರ್ತಾರೆ ಸಾರ್?"

"ಗೊತ್ತಿಲ್ಲ ಕಣಮ್ಮ."

ಆ ಮಾತು ಅವರ ಯಾವ ನೋಟ್ಸಿನಲ್ಲೂ ಇರಲಿಲ್ಲ. ಮಲ್ಲಿಕ್ ಈಗ ನಿಜಕ್ಕೂ ಯೋಚಿಸಿ, ತನ್ನ ಅಪ್ಪ ಸೈಕಲ್ ಅಂಗಡಿ ಮುಚ್ಚಿ ಮೊಬೈಲ್ ಅಂಗಡಿ ಇಟ್ಟಿದ್ದನ್ನು ಹೇಳಿದ. ಅದು ಯಾವ ಅಂಶ ಸಾರ್ ಎಂದು ಕೇಳಿದ. ದುಶ್ಯಂತ್ ಅವನಿಗೆ ಅಡ್ಡ ಹಾಕಿದ. ಒಂಬತ್ತರ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಹೊರಗೆ ಬಂದ ಶ್ರೀಗೌರಿ ಸ್ವಲ್ಪ ಹೊತ್ತು ನಗುತ್ತಲೇ ಇದ್ದರು. "ಸಾರ್, ಆ ಪ್ರಶ್ನಾರ್ಥಕ ಚಿಹ್ನೆ ಕೇಳಿ ನಾನು ಮುಂದಿನ ಬಸ್ಸು ಯಾವಾಗಿದೆ ಅಂತ ಯೋಚಿಸ್ತಿದ್ದೆ. ಆಮೇಲೆ ಬಸ್ಸು ಮರೆತೋಯ್ತು. ಕ್ಲಾಸು ನಿಮ್ಮದೇ. ಒಂದೇ ಷರತ್ತು, ಎಂಟರ ಕ್ಲಾಸಲ್ಲಿ ನೋಟ್ಸ್ ಬರೆಸ್ಬಾರ್ದು."

"ಒಂಬತ್ತಕ್ಕೆ ಮೇಡಂ?"

"ಒಂಬತ್ತಕ್ಕೆ ಏನಾದ್ರೂ ಮಾಡ್ಕೊಳ್ಳಿ. ಅದು ಪಿಯುಸಿ ಅಲ್ವಾ?"

ಶ್ರೀಗೌರಿ ಶಿವಮೊಗ್ಗಕ್ಕೆ ಮರಳಿ ತಮ್ಮ ತರಗತಿಗಳಲ್ಲಿ ಈ ಕಥೆಯನ್ನು ತಮಾಷೆಗೆಂದು ಹೇಳಿದರು. ತರಗತಿ ಚೆನ್ನಾಗಿ ನಕ್ಕಿತು. ನಗದವರು ಆ ಪತ್ರಿಕೆಯಲ್ಲಿ ಫೇಲಾಗಿ ಬ್ಯಾಕ್ ಉಳಿಸಿಕೊಂಡಿದ್ದ ಕೆಲವರು ಮಾತ್ರ. ಭದ್ರಾವತಿಯಲ್ಲಿ ಕಾಮಾ ಸಹ ಬಿಡದೆ ನೋಟ್ಸ್ ಬರೆಸುವ ಮೇಷ್ಟ್ರೊಬ್ಬರಿದ್ದಾರೆ ಎಂದಷ್ಟೇ ಅವರಿಗೆ ಕೇಳಿಸಿತ್ತು.

ಮುಂದಿನ ವಾರ ಬೆಳಗಿನ ರೈಲಿಗೆ ಆ ಬ್ಯಾಕಿನವರು ಬಂದಿಳಿದರು. ಗಡ್ಡ ಬಿಟ್ಟ ಐದಾರು ಹುಡುಗರು ಎಂಟಕ್ಕೇ ಹಿಂದಿನ ಬೆಂಚು ತುಂಬಿದರು. "ನಾವು ಡಿಗ್ರಿ ಕಾಲೇಜಿನೋರು ಸಾರ್, ನಿಮ್ಮ ಕ್ಲಾಸಿಗೆ ಅಂತಾನೇ ಬಂದ್ವಿ."

ಮೇಷ್ಟ್ರ ಎದೆ ತುಂಬಿ ಕೋಟಿನ ಗುಂಡಿ ಕಿತ್ತುಹೋಗುವಂತಾಯಿತು. ತಾವು ಮೂವತ್ತು ವರ್ಷ ಕಾದ ಡಿಗ್ರಿ ವಿದ್ಯಾರ್ಥಿಗಳು, ಅವರಾಗಿಯೇ, ರೈಲು ಹತ್ತಿ ಬಂದಿದ್ದಾರೆ!

"ನೋಟ್ಸ್ ಶುರು ಮಾಡಿ ಸಾರ್" ಎಂದ ಗಡ್ಡದವನೊಬ್ಬ.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಭೂಮಿಕಾ ತಿರುಗಿದಳು. "ಎಂಟಕ್ಕೆ ನೋಟ್ಸ್ ಇರಲ್ಲ ಅಣ್ಣ, ಇದು ಡಿಗ್ರಿ ಕ್ಲಾಸು. ನೋಟ್ಸ್ ಬೇಕಂದ್ರೆ ಒಂಬತ್ತಕ್ಕೆ ಪಿಯುಸಿಗೆ ಕೂತ್ಕೊಳ್ಳಿ."

"ಅದಕ್ಕೇನಂತೆ, ಕೂತ್ಕೋತೀವಿ" ಎಂದು ಅವರು ಒಂದು ಗಂಟೆ ಆಕಳಿಸುತ್ತ ಕಾದರು.

ಗಂಟೆ ಹೊಡೆಯಿತು. ಮೇಷ್ಟ್ರು ಕೋಟು ಬಿಚ್ಚಿ ಮೊಳೆಗೆ ಹಾಕಿದರು. ಗಡ್ಡದವರ ಪೆನ್ನುಗಳು ಎದ್ದು ನಿಂತವು. ಇಷ್ಟು ಶ್ರದ್ಧೆಯ ತರಗತಿಯನ್ನು ಮೇಷ್ಟ್ರು ಕಂಡಿರಲೇ ಇಲ್ಲ. "ಇತರ ಅಂಶಗಳು ಸ್ಥಿರವಾಗಿದ್ದಾಗ, ಕಾಮಾ" ಎಂದರು.

ಅಲ್ಲಿಗೆ ನಾಲಿಗೆ ನಿಂತಿತು. ಮುಂದಿನ ಬೆಂಚಿನಲ್ಲಿ ಭೂಮಿಕಾ ಬರೆಯದೆ ಅವರನ್ನೇ ನೋಡುತ್ತಿದ್ದಳು.

"ಕಾಮಾ ಆದ್ಮೇಲೆ ಏನ್ ಸಾರ್?" ಹಿಂದಿನಿಂದ ಕೂಗು ಬಂತು.

ಮೇಷ್ಟ್ರು ಬಾಗಿಲ ಹತ್ತಿರ ಹೋದರು. ಮೊಳೆಯಿಂದ ಕೋಟು ತೆಗೆದು, ಕೊಡವಿ, ಮತ್ತೆ ತೊಟ್ಟುಕೊಂಡರು. ಬಂದು ಮೇಜಿನ ಅಂಚಿಗೆ ಕೂತರು.

"ಪುಸ್ತಕ ಮುಚ್ಚಿ" ಎಂದರು. "ಶಿವಮೊಗ್ಗದೋರಲ್ವಾ ನೀವು? ನಿಮ್ಮಲ್ಲಿ ಈಗ ಬಾಡಿಗೆ ಮನೆಗಳ ಕಥೆ ಏನು, ಮೊದಲು ಅದು ಹೇಳಿ."

"ಅಯ್ಯೋ, ರೈಲು ಹತ್ತಿ ಬಂದಿದ್ದು ದಂಡ ಆಯ್ತಲ್ಲ ಮಾರಾಯ" ಎಂದು ಗಡ್ಡದವನು ಪಕ್ಕದವನ ಕಿವಿಯಲ್ಲಿ ಹೇಳಿದ್ದು ಇಡೀ ತರಗತಿಗೆ ಕೇಳಿಸಿತು.